ಇಟಾಸ್ಕಾದ ಮರಗಳು ಸುಮ್ನೆ ಉಳಿದಿಲ್ಲ

ಮೊನ್ನೆ ಅಮ್ಮನನ್ನು ಅಮೆರಿಕದ ಮಿನ್ನೆಸೋಟ ರಾಜ್ಯದ ಇಟಾಸ್ಕಾ ಸ್ಟೇಟ್ ಪಾರ್ಕಿಗೆ (ರಾಜ್ಯ ಸರ್ಕಾರ ಕಾಪಾಡುವ ಕಾಡಿನ ಜಾಗ) ಕರೆದುಕೊಂಡು ಹೋಗಿದ್ದೆ. ಮಿನಿಯಾಪೊಲಿಸ್‌ನಿಂದ ಕಾರಲ್ಲಿ ನಾಲ್ಕು ಗಂಟೆ ದಾರಿ. ಮಿಸಿಸಿಪ್ಪಿ ನದಿ ಹುಟ್ಟೋದು ಇಲ್ಲೇ. ಸರೋವರದ ಅಂಚಲ್ಲಿ ಸಾಲಾಗಿ ಕಲ್ಲುಗಳಿವೆ. ಅವುಗಳ ಸಂದಿಯಿಂದ ನೀರು ನುಸುಳಿ ನದಿಯಾಗುತ್ತದೆ. ಅಮ್ಮ ಸೀರೆ ಎತ್ತಿ ಹಿಡಿದು ಒಂದೊಂದೇ ಕಲ್ಲು ದಾಟಿದಳು. ನಡುವೆ ನಿಂತು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಪಕ್ಕದಲ್ಲೇ ದೊಡ್ಡ ಮರದ ಕಂಬ. ಸಮುದ್ರಮಟ್ಟದಿಂದ 1475 ಅಡಿ ಎತ್ತರ ಅಂತ ಅದರಲ್ಲಿ ಕೆತ್ತಿದ್ದಾರೆ. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಅಲ್ಲಿಂದ ಮುಂದಿನ ಕಥೆ ಯಾರೂ ಕೇಳೋದಿಲ್ಲ, ಅದೇ ನನಗೆ ಬೇಜಾರು.

1832ರಲ್ಲಿ ಸ್ಕೂಲ್‌ಕ್ರಾಫ್ಟ್ ಅನ್ನುವ ಅಮೆರಿಕನ್ ಅನ್ವೇಷಕ ನದಿಯ ಈ ಮೂಲವನ್ನು ಕಂಡುಹಿಡಿದ ಅಂತಾರೆ. ಅವನನ್ನು ಇಲ್ಲಿಗೆ ಕರೆತಂದವನು ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನಾಂಗದ ಒಜಾವಿಂಡಿಬ್. ಆ ಜನಕ್ಕೆ ಈ ಸರೋವರ ಮೊದಲಿಂದಲೂ ಗೊತ್ತಿತ್ತು.

ಆಮೇಲೆ ಮರ ಕಡಿಯುವವರು ಬಂದರು. ಸುತ್ತಲಿನ ಪೈನ್ ಕಾಡು ಕರಗುತ್ತಿದ್ದಾಗ ಜೇಕಬ್ ಬ್ರೋವರ್ ಅನ್ನುವವರು ಅದನ್ನು ಉಳಿಸೋದಕ್ಕೆ ಹಟ ಹಿಡಿದು ಓಡಾಡಿದರು. 1891ರಲ್ಲಿ ಒಂದೇ ಒಂದು ಮತದ ಅಂತರದಲ್ಲಿ ಮಸೂದೆ ಪಾಸಾಗಿ, ಇದು ಮಿನ್ನೆಸೋಟದ ಮೊದಲ ಸ್ಟೇಟ್ ಪಾರ್ಕ್ ಆಯಿತು. ಆದರೆ ಒಳಗಿನ ಎಷ್ಟೋ ಜಮೀನು ಇನ್ನೂ ಮರ ಕಡಿಯುವ ಕಂಪನಿಗಳ ಕೈಯಲ್ಲೇ ಇತ್ತು. ಕಾಗದದ ಮೇಲೆ ಪಾರ್ಕ್, ನೆಲದ ಮೇಲೆ ಕೊಡಲಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸೋದು ಮೇರಿ ಗಿಬ್ಸ್ ಕಥೆ. 1903ರಲ್ಲಿ, 24ನೇ ವಯಸ್ಸಿಗೆ, ಈ ಪಾರ್ಕಿನ ಕಮಿಷನರ್, ಅಂದರೆ ಇದನ್ನು ನೋಡಿಕೊಳ್ಳುವ ಅಧಿಕಾರಿ, ಆದ ಹೆಣ್ಣುಮಗಳು. ದಿಮ್ಮಿ ತೇಲಿಸೋದಕ್ಕೆ ಕಂಪನಿಯವರು ನದಿಗೆ ಅಡ್ಡ ಕಟ್ಟೆ ಕಟ್ಟಿದ್ದರು. ನೀರು ಏರಿ ದಡದ ಮರಗಳ ಬುಡ ಮುಳುಗುತ್ತಿತ್ತು. ಬೇರು ನೀರಲ್ಲೇ ನಿಂತರೆ ಮರ ನಿಂತಲ್ಲೇ ಸಾಯುತ್ತದೆ. ಕಟ್ಟೆಯ ಗೇಟು ತೆರೆಸಲು ಹೋದಾಗ, ಮುಟ್ಟಿದರೆ ಗುಂಡು ಹಾರಿಸ್ತೀವಿ ಅಂದರಂತೆ. ಆಕೆ ಹೆದರದೆ ಕೈ ಹಾಕಿದಳು. ಕೊನೆಗೆ ಕೋರ್ಟು ಕಂಪನಿಯ ಕಡೆ ನಿಂತಿತು, ಕೆಲವೇ ತಿಂಗಳಲ್ಲಿ ಆಕೆಯ ಕೆಲಸವೂ ಹೋಯಿತು. ಮರ ಕಡಿಯೋದು ನಿಲ್ಲುವ ಹೊತ್ತಿಗೆ 1920ರ ಹತ್ತಿರ ಬಂದಿತ್ತು.

ಇವತ್ತು ಪಾರ್ಕಿನ ಒಂದು ಕಟ್ಟಡಕ್ಕೆ ಆಕೆಯ ಹೆಸರಿದೆ. ಸಾಲದು ಅನ್ನಿಸುತ್ತದೆ ನನಗೆ. ಮಕ್ಕಳಿಗೆ ಇಸವಿಗಿಂತ ಮೊದಲು ಆ ಗೇಟಿನ ಕಥೆ ಹೇಳಬೇಕು. ಅಮ್ಮ ದಾಟಿದ ಕಲ್ಲುಗಳೂ ತಾನಾಗಿ ಬಂದವಲ್ಲ. 1930ರ ದಶಕದಲ್ಲಿ ಜೌಗು ಜಾಗ ಸರಿಮಾಡಿ, ಹೊಸದಾಗಿ ಕಾಲುವೆ ತೋಡಿ ಜೋಡಿಸಿದವು. ಅದನ್ನೂ ಬಾಯಿಬಿಟ್ಟು ಹೇಳೋಣ. ಜಾಗದ ಮೇಲಿನ ಪ್ರೀತಿ ಅದರಿಂದ ಕಮ್ಮಿಯಾಗೋದಿಲ್ಲ.

ವಾಪಸ್ ಬರುವಾಗ ಕೆಂಪು ಪೈನ್ ಮರಗಳ ತೋಪಿನಲ್ಲಿ ನಿಂತೆವು. ಇನ್ನೂರು ವರ್ಷ ದಾಟಿದ ಮರಗಳು. ಅಮ್ಮ ಒಂದರ ಒರಟು ತೊಗಟೆಯ ಮೇಲೆ ಕೈಯಿಟ್ಟು ಕೇಳಿದಳು: "ಈ ಮರ ಆ ಹುಡುಗಿಯನ್ನ ನೋಡಿರಬೇಕು, ಅಲ್ವಾ?"