ಕೆಂಪು ಗೆರೆಯ ಕೆಳಗಿನ ಸಾಲಿ

ನಮ್ಮ ಕಾಕಾನ ಊರು ಬಾಗಲಕೋಟೆ ತಾಲೂಕಿನಾಗ, ಘಟಪ್ರಭಾ ಹೊಳಿ ದಂಡಿಗೆ. ಅಲ್ಲಿಯ ಕನ್ನಡ ಸಾಲಿ ಗೋಡೆ ಮೇಲೆ ಎದೆಮಟ್ಟಕ್ಕೆ ಒಂದು ಕೆಂಪು ಗೆರೆ ಐತಿ. ಎಷ್ಟೋ ವರ್ಷದ ಹಿಂದೆ ಸರ್ವೇದವರು ಹಾಕಿ ಹೋದದ್ದು. ಕೃಷ್ಣಾ ಹೊಳಿಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ ಸಮುದ್ರಮಟ್ಟದಿಂದ 524.256 ಮೀಟರ್‌ಗೆ ಏರಿದರೆ ಹಿನ್ನೀರು ಅಲ್ಲಿತನಕ ಬರುತ್ತದಂತೆ. ಈಗ ನೀರು ನಿಲ್ಲುವುದು 519.60 ಮೀಟರ್‌ಗೆ. ಮಕ್ಕಳು ಆ ಗೆರೆಗೆ ಬೆನ್ನು ಹಚ್ಚಿ ನಿಂತು ಯಾರು ಎಷ್ಟು ಬೆಳೆದರು ಅಂತ ನೋಡಿಕೊಳ್ಳುತ್ತಾರೆ. ಗೆರೆ ದಾಟಿದ ಎರಡು ಬ್ಯಾಚು ಈಗ ಪುಣೆಗೆ, ಗೋವಾಕ್ಕೆ ದುಡಿಯಲಿಕ್ಕೆ ಹೋಗಿವೆ. ನೀರು ಮಾತ್ರ ಬಂದಿಲ್ಲ.

ಆ ಸಾಲಿ ಮಾಳಿಗೆ ಸೋರುತ್ತದೆ. ರಿಪೇರಿಗೆ ಅರ್ಜಿ ಕೊಟ್ಟರೆ ಬರುವ ಉತ್ತರ ಒಂದೇ: "ಹೆಂಗೂ ಮುಳುಗೂ ಊರಲ್ರೀ." ಗಟಾರಕ್ಕೂ ಅದೇ ಉತ್ತರ, ರಸ್ತೆಗೂ ಅದೇ. ಹುಡುಗರಿಗೆ ಹೆಣ್ಣು ನೋಡಲಿಕ್ಕೆ ಹೋದರೆ ಬೀಗರೂ ಅದನ್ನೇ ಕೇಳುತ್ತಾರೆ. ಕಳೆದ ಎಲೆಕ್ಷನ್‌ದಾಗ ಓಟು ಕೇಳಲು ಬಂದವರೊಬ್ಬರು ಹೊಸ ಊರಾಗ ಹೊಸ ಸಾಲಿ ಕಟ್ಟಿಸಿ ಕೊಡ್ತೀವಿ ಅಂದಾಗ ನಮ್ಮ ಕಾಕಾ ಅಂದದ್ದು: "ಮಳಿ ಹೊಸ ಊರಾಗ ಆಗವಲ್ದ್ರೀ ಸಾಹೇಬ್ರ, ಇಲ್ಲೇ ಆಗಾಕತ್ತೈತಿ."

ನಾಳೆಯ ಹೆಸರು ಹೇಳಿ ಇವತ್ತಿನ ಕೆಲಸ ತಪ್ಪಿಸಿಕೊಳ್ಳುವುದನ್ನು ನಮ್ಮ ರಾಜಕೀಯ ಕಲಿತಷ್ಟು ಚೆನ್ನಾಗಿ ಬೇರೇನನ್ನೂ ಕಲಿತಿಲ್ಲ. ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಅಡಿಗಲ್ಲು ಇಟ್ಟರು. ಆಗ ಅವರಿನ್ನೂ ಪ್ರಧಾನಿ ಆಗಿರಲಿಲ್ಲ. ಅಣೆಕಟ್ಟು ನಾಡಿಗೆ ಅರ್ಪಣೆ ಆದದ್ದು 2006ರ ಆಗಸ್ಟ್‌ನಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಕೈಯಿಂದ. ನಡುವೆ 42 ವರ್ಷ. ಅಡಿಗಲ್ಲಿನ ದಿನ ತೊಟ್ಟಿಲಲ್ಲಿದ್ದ ಕೂಸು ಉದ್ಘಾಟನೆ ಹೊತ್ತಿಗೆ ತನ್ನ ಮಗಳ ಮದುವೆ ಮಾಡುವ ವಯಸ್ಸಿಗೆ ಬಂದಿತ್ತು. ಅಷ್ಟರೊಳಗೆ ಹಳೇ ಬಾಗಲಕೋಟೆಯ ಅರ್ಧ ಊರು ಎದ್ದು, ಮುಳುಗಡೆಯವರಿಗಾಗಿ ಕಟ್ಟಿದ ನವನಗರದ ಸೆಕ್ಟರ್ ನಂಬರುಗಳಿಗೆ ಬಂದು ಕೂತಿತು. ನಾನೂ ಅವರಲ್ಲೊಬ್ಬ. ವಿಳಾಸ ಕೇಳಿದರೆ ಓಣಿ ಹೆಸರು ಹೇಳುತ್ತಿದ್ದವರು ಈಗ ನಂಬರ್ ಹೇಳುತ್ತೇವೆ.

ಮುಂದಿನ ಕಥೆ ಇನ್ನೂ ನಿಧಾನ. ರಾಜ್ಯಗಳ ನಡುವೆ ಕೃಷ್ಣೆಯ ನೀರು ಹಂಚುವ ಎರಡನೇ ಕೃಷ್ಣಾ ನ್ಯಾಯಾಧಿಕರಣ 524.256ಕ್ಕೆ ಒಪ್ಪಿದ್ದು 2010ರ ಡಿಸೆಂಬರ್ 30ಕ್ಕೆ. ಮರುವರ್ಷವೇ ಸುಪ್ರೀಂ ಕೋರ್ಟಿನ ತಡೆ ಬಂತು, ಐತೀರ್ಪು ಜಾರಿಗೆ ಬರಲು ಬೇಕಾದ ಗೆಜೆಟ್ ಮುಖ ಕಾಣಲಿಲ್ಲ. 2013ರ ಜನವರಿಯಲ್ಲಿ ಕಾಂಗ್ರೆಸ್‌ನವರು ಹೊಸಪೇಟೆಯಿಂದ ಕೂಡಲಸಂಗಮಕ್ಕೆ ಪಾದಯಾತ್ರೆ ಬಂದು, ಕೃಷ್ಣೆಗೆ ವರ್ಷಕ್ಕೆ 10 ಸಾವಿರ ಕೋಟಿ ಅಂದರು. ಅದೇ ಮೇ ತಿಂಗಳಲ್ಲಿ ಗೆದ್ದರು. ಬಿಜೆಪಿಯವರೂ ಬಂದರು, ಅವರದೂ ಮಾತಿಗೇನು ಕಡಿಮೆ ಇರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವುದು ಹೋಗಲಿ, ಇವರು ಅದೇ ಕುಲಾವಿಯನ್ನು ಪ್ರತಿ ಎಲೆಕ್ಷನ್‌ಗೂ ಒಗೆದು ಇಸ್ತ್ರಿ ಮಾಡಿ ತರುತ್ತಾರೆ.

ಇದನ್ನೆಲ್ಲ ಸಿಟ್ಟಿನಿಂದ ಬರೆಯುವಾಗ ನನಗೊಂದು ತೊಡಕಿದೆ. ನನ್ನ ಹೆಂಡತಿಯ ತವರು ವಿಜಯಪುರ ಜಿಲ್ಲೆಯ ಇಂಡಿ. ನಮ್ಮ ಮಾವನವರ ನಿಂಬೆ ತೋಟಕ್ಕೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿದ ವರ್ಷಗಳಿವೆ. ಅವರಿಗೆ 524 ಅಂದರೆ ಕಾಲುವೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ 130 ಟಿಎಂಸಿ (ಶತಕೋಟಿ ಘನ ಅಡಿ) ನೀರು ಬಂದರೆ ಸುಮಾರು 6 ಲಕ್ಷ ಹೆಕ್ಟೇರ್ ಒಣಭೂಮಿಗೆ ನೀರು ಅನ್ನುವುದು ಅವರಿಗೆ ಬಾಯಿಪಾಠ. ಅದೇ 524 ಕೇಳಿದರೆ, ಹೊಳಿ ಮೇಲ್ಭಾಗದ ಮಹಾರಾಷ್ಟ್ರದ ಸಾಂಗಲಿ, ಕೊಲ್ಹಾಪುರದವರಿಗೆ ಹಿನ್ನೀರಿನ ಭಯ, 2019ರ ಮಹಾಪೂರ ಕಣ್ಣ ಮುಂದೆ ಬರುತ್ತದೆ. ನಮ್ಮ ಕಾಕಾನಿಗೆ ಮನೆ ಹೋಗುತ್ತದೆ. ಅಣೆಕಟ್ಟು ಒಂದೇ, ನಾಳೆ ಮಾತ್ರ ಮೂರು ತರಹದ್ದು. ಮೂರೂ ಕಡೆಯವರು ತಮ್ಮ ತಮ್ಮ ನಾಳೆಗೆ ಓಟು ಹಾಕುತ್ತಾರೆ. ಮೂವರನ್ನೂ ಒಂದೇ ಜಮಖಾನೆ ಮೇಲೆ ಕೂಡಿಸಿ ಮಾತಾಡಿಸಿದ ಸಭೆಯನ್ನು ನಾನಂತೂ ನೋಡಿಲ್ಲ.

ಹಾಗಂತ ಕನಸು ಬೇಡ ಅನ್ನುವವರ ಪೈಕಿ ನಾನಲ್ಲ. ನಾಳೆ ಚಲೋ ಆಗುತ್ತದೆ ಅನ್ನುವ ಆಸೆ ಇಲ್ಲದಿದ್ದರೆ ಬಿಸಿಲಾಗ ಪಾಳಿ ಹಚ್ಚಿ ಬಟನ್ ಒತ್ತುವವರು ಯಾರು? ಆದರೆ ನಾಳೆಗೊಂದು ತಾರೀಖು ಬೇಕು, ರೊಕ್ಕ ಎಲ್ಲಿಂದ ಬರುತ್ತದೆ ಅನ್ನುವ ಲೆಕ್ಕ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ. ಮುಳುಗುವುದು 75 ಸಾವಿರ ಎಕರೆಗೂ ಹೆಚ್ಚು. ಎಷ್ಟೋ ವರ್ಷದ ಮೇಲೆ ನಾಳೆಗೊಂದು ಬೆಲೆಯಾದರೂ ಬಂತು, ಅದನ್ನು ಒಪ್ಪುತ್ತೇನೆ. (ಮರುದಿನವೇ ಊರಾಗ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನೂ ನೋಡಿದೆ, ಅದು ಬೇರೆ ಕಥೆ.) ಆದರೆ ಆ ರೊಕ್ಕ ಕೈಗೆ ಬಂದು ಊರು ಏಳುವ ತನಕ ಅಲ್ಲಿ ಇರುವವರು ಮನುಷ್ಯರೇ. ಅವರ ಸಾಲಿ ಸೋರಬಾರದು. ಮುಳುಗಡೆ ಊರುಗಳಿಗೆ ಕೊನೆಯ ದಿನದವರೆಗೂ ರಿಪೇರಿ ಅನುದಾನ ನಿಲ್ಲಿಸಬಾರದು ಅಂತ ಒಂದು ಆದೇಶ ಹೊರಡಿಸಲಿಕ್ಕೆ ನ್ಯಾಯಾಧಿಕರಣವೂ ಬೇಡ, ಗೆಜೆಟ್ಟೂ ಬೇಡ. ಈ ಬೇಡಿಕೆ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇಷ್ಟು ಸಣ್ಣದಕ್ಕೆ ಚಪ್ಪಾಳೆ ಬೀಳುವುದಿಲ್ಲವಲ್ಲ.

ಹೋದ ವಾರ ಮಾವನವರು ಇಂಡಿಯಿಂದ ಎರಡು ನಿಂಬೆ ಸಸಿ ಕೊಟ್ಟು ಕಳಿಸಿದ್ದರು. ಕಾಕಾನಿಗೆ ಒಯ್ದು ಕೊಟ್ಟೆ.

"ಕಾಯಿ ಯಾವಾಗ ಹಿಡೀತೈತೋ ತಮ್ಮಾ?"

"ಮೂರು-ನಾಕು ವರ್ಷ ಬೇಕು ಕಾಕಾ."

ಬೆರಳು ಮಡಚಿ ಎಣಿಸಿದ. "ಅಂದ್ರ 28ರ ಎಲೆಕ್ಷನ್ ದಾಟಿ."

ದಿಬ್ಬದ ಕಡೆ, ಗೆರೆಗಿಂತ ಮ್ಯಾಲೆ ಹಚ್ಚು ಅಂದೆ. ಅಲ್ಲಿಗೆ ಬಾವಿ ನೀರು ಏರೂದಿಲ್ಲ ಅಂತ ಹೇಳಿ, ಸಾಲಿ ಹಿಂದಿನ ಹೊಲದಾಗ, ಕೆಳಗೇ ಗುಂಡಿ ತೋಡಿದ.