ಚೊಣ್ಣದ ಮೇಲೊಂದು ಗೌನು

2025ರ ಮಾರ್ಚ್ ಕೊನೆಯ ವಾರ ನಮ್ಮ ತಂಗಿಯ ಮಗನಿಗೆ ಪದವಿ ಬಂತು. ವಯಸ್ಸು 5 ವರ್ಷ 8 ತಿಂಗಳು. ಪದವಿ ಯುಕೆಜಿ. ಆಮಂತ್ರಣ ಪತ್ರಿಕೆಯಲ್ಲಿ ಬಂಗಾರದ ಅಕ್ಷರದಲ್ಲಿ ‘ಗ್ರಾಜುಯೇಷನ್ ಡೇ’ ಎಂದಿತ್ತು. ಕೆಳಗೆ ಸಣ್ಣಕ್ಷರದಲ್ಲಿ, ಗೌನು ಮತ್ತು ಟೋಪಿಯ ಬಾಡಿಗೆ 850 ರೂಪಾಯಿ. ಫೋಟೊ ಬೇರೆ.

ಧಾರವಾಡದ ಕಡೆಯವರಿಗೆ ಗೌನು ಹೊಸದೇನಲ್ಲ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಎರಡೂ ಇರುವ ಊರು. ಇಲ್ಲಿ ಕಲ್ಲು ಒಗೆದರೆ ಯಾವುದಾದರೂ ಸಾಹಿತಿಯ ಮನೆ ಮೇಲೆ ಬೀಳುತ್ತದೆ ಅಂತಾರೆ. ಇನ್ನು ಮುಂದೆ ಯುಕೆಜಿ ಪದವೀಧರನ ಮೇಲೂ ಬೀಳಬಹುದು. ನೋಡಿ ಒಗೆಯಿರಿ.

ಸಮಾರಂಭ ಹುಬ್ಬಳ್ಳಿಯ ಒಂದು ಮಂಗಲ ಕಾರ್ಯಾಲಯದಲ್ಲಿ. ಮಾರ್ಚ್ ತಿಂಗಳ ಹುಬ್ಬಳ್ಳಿ ಬಿಸಿಲು, ಅದರೊಳಗೆ ನೈಲಾನ್ ಬಟ್ಟೆಯ ಕರಿ ಗೌನು, ಗೌನಿನೊಳಗೆ ಬೆವರು ಸೋರುವ ಅರವತ್ತು ಪದವೀಧರರು. ನನ್ನ ಅವ್ವ ಮೊಮ್ಮಗನನ್ನು ಮೇಲಿನಿಂದ ಕೆಳಗಿನತನಕ ನೋಡಿದಳು. “ಯಪ್ಪಾ, ಕೂಸಿಗೆ ಯಾಕ ವಕೀಲರ ಕೋಟು ಹಾಕ್ಯಾರ? ಏನರ ಕೇಸ್ ಐತೇನು?” ಅಂದಳು. ಕೇಸ್ ಇತ್ತು. ಆದರೆ ಕೂಸಿನ ಮೇಲಲ್ಲ.

ಮುಖ್ಯ ಅತಿಥಿಗಳು ಮುಕ್ಕಾಲು ತಾಸು ಮಾತಾಡಿದರು. “ಇಂದಿನಿಂದ ನೀವು ಸಮಾಜಕ್ಕೆ ಕಾಲಿಡುತ್ತಿದ್ದೀರಿ” ಎಂದರು. ಸಮಾಜಕ್ಕಿಂತ ಮೊದಲು ನಾಲ್ವರು ಬಾತ್‌ರೂಮಿಗೆ ಕಾಲಿಟ್ಟರು. ಒಬ್ಬನಿಗೆ ಅಷ್ಟು ಹೊತ್ತು ತಡೆಯಲಾಗಲಿಲ್ಲ. ಗೌನಿನಿಂದ ಏನು ಉಪಯೋಗ ಅನ್ನುವುದು ನನಗೆ ಆಗ ತಿಳಿಯಿತು. ಒಳಗಿನ ಚೊಣ್ಣದ ಪರಿಸ್ಥಿತಿ ಹೊರಗೆ ಕಾಣುವುದಿಲ್ಲ.

ಪದವಿ ಅಂದ ಮೇಲೆ ಅಭ್ಯಾಸವೂ ಹಾಗೇ ಇರಬೇಕಲ್ವಾ? ಇದೆ. ಸಾವಿರದವರೆಗೆ ಅಂಕಿ, ಇಂಗ್ಲಿಷ್ ಸ್ಪೆಲ್ಲಿಂಗು, ಕೂಡಿಸುವ ಕಳೆಯುವ ಲೆಕ್ಕ, ಎಂಟು ಪುಸ್ತಕ, ಹನ್ನೊಂದು ನೋಟ್‌ಬುಕ್ಕು. ನಮ್ಮ ಹುಡುಗ ರಾತ್ರಿ ಬರೆಯುತ್ತಾ ಕೂತು “ಮಾಮಾ, ಕೈ ನೋಯಾಕತ್ತೈತಿ” ಅಂದರೆ ತಂಗಿ “ನಾಟಕ ಮಾಡಬ್ಯಾಡ” ಅಂತ ಗದರಿಸುತ್ತಾಳೆ. ನಾಟಕ ಅಲ್ಲ. ಮನುಷ್ಯನ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಹುಟ್ಟಿದಾಗ ಅವು ಇನ್ನೂ ಎಲುಬೇ ಆಗಿರುವುದಿಲ್ಲ, ಮೆತ್ತಗಿರುತ್ತವೆ. ವರ್ಷ ಕಳೆದಂತೆ ಒಂದೊಂದೇ ಗಟ್ಟಿಯಾಗುತ್ತವೆ. ಕೊನೆಯದರ ಪಾಳಿ ಬರುವ ಹೊತ್ತಿಗೆ ಮಗು ನಾಲ್ಕನೆಯದೋ ಐದನೆಯದೋ ಇಯತ್ತೆಯಲ್ಲಿರುತ್ತದೆ. ಶಾಲೆಗೆ ಅಷ್ಟು ಪುರುಸೊತ್ತಿಲ್ಲ. ಎಲುಬು ಬರುವ ಮೊದಲೇ ಹೋಂವರ್ಕ್ ಬಂದಿರುತ್ತದೆ.

ದಿಲ್ಲಿಯವರು 2022ರಲ್ಲಿ ಬುನಾದಿ ಹಂತಕ್ಕೆಂದೇ ಒಂದು ಪಠ್ಯಕ್ರಮದ ಚೌಕಟ್ಟು ಬರೆದರು. 3ರಿಂದ 6 ವರ್ಷದ ಮಕ್ಕಳಿಗೆ ಪಠ್ಯಪುಸ್ತಕ ಬೇಡ, ಆಟವಾಡಿಸಿ, ಕತೆ ಹೇಳಿ, ಮನೆಮಾತಿನಲ್ಲೇ ಕಲಿಸಿ ಅಂತ ಅದರಲ್ಲಿದೆ. ಅದನ್ನು ಶಾಲೆಯ ಆಫೀಸಿನಲ್ಲಿ ಹೇಳಿದೆ. ಮೇಡಂ ನಕ್ಕರು. “ಸರ್, ನಾವು ಪುಸ್ತಕ ಕೊಡೋದೇ ಇಲ್ರೀ. ಆಕ್ಟಿವಿಟಿ ಕಿಟ್ ಕೊಡ್ತೀವಿ.” ಕಿಟ್ ಬಿಚ್ಚಿದರೆ ಒಳಗೆ ಎಂಟು ಪುಸ್ತಕ.

ಆಟ ಇಲ್ಲವೇ ಇಲ್ಲ ಅಂತ ಹೇಳಿದರೆ ಪಾಪ ಬರುತ್ತದೆ. ಫೀ ಪಾವತಿಯಲ್ಲಿ ‘ಸೆನ್ಸರಿ ಪ್ಲೇ, 3,500’ ಅಂತ ಒಂದು ಸಾಲೇ ಇದೆ. ಅದು ಏನು ಅಂತ ವಿಚಾರಿಸಿದೆ. ಶಾಲೆಯ ಹಿಂದೆ ಒಂದು ಉಸುಕಿನ ಗುಂಡಿ. ಸುತ್ತ ಪ್ಲಾಸ್ಟಿಕ್ ಹುಲ್ಲು, ಮೇಲೆ ಹಳದಿ ತಾಡಪತ್ರಿ, ಬಾಗಿಲಿಗೆ ಕೀಲಿ. ಅಡ್ಮಿಷನ್ ಟೈಮಿನಲ್ಲಿ ಪಾಲಕರು ನೋಡಲು ಬಂದಾಗ ತೆಗೆಯುತ್ತಾರೆ. ಉಳಿದ ದಿನ ಬಟ್ಟೆ ಹೊಲಸಾಗುತ್ತದೆ ಅಂತ ಪಾಲಕರದ್ದೇ ತಕರಾರಂತೆ. ಅದೂ ಖರೆ. ನಮ್ಮ ತಂಗಿಯೂ ಒಮ್ಮೆ ಫೋನ್ ಮಾಡಿ ಜಗಳ ಆಡಿದ್ದಾಳೆ.

ಕಿಂಡರ್‌ಗಾರ್ಟನ್ ಅನ್ನುವ ಹೆಸರನ್ನು ಜರ್ಮನಿಯ ಫ್ರೋಬೆಲ್ ಎಂಬ ಮೇಷ್ಟ್ರು 1840ರಲ್ಲಿ ಇಟ್ಟರು. ಅರ್ಥ, ಮಕ್ಕಳ ತೋಟ. ತೋಟ ಅಂದರೆ ನಮ್ಮವರಿಗೆ ಬೇರೆಯೇ ತಿಳಿಯಿತು. ಬೀಜ ಹಾಕಿದ ಮರುದಿನ ಬೆಳೆ ಎಷ್ಟು ಬಂತು ಅಂತ ಕೆದರಿ ನೋಡುವುದು. ಇನ್ನು ಮಾಂಟೆಸರಿ. ಆ ತಾಯಿ 1939ರಲ್ಲಿ ಭಾರತಕ್ಕೆ ಬಂದು ವರ್ಷಗಟ್ಟಲೆ ಇದ್ದರು. ಮಗು ತನಗೆ ಬೇಕಾದ ಸಾಮಾನನ್ನು ತಾನೇ ಆರಿಸಿಕೊಂಡು ಕೆಲಸ ಮಾಡಲಿ ಅಂದರು. ಅವರ ಹೆಸರು ನಮ್ಮ ಓಣಿಓಣಿಯ ಬೋರ್ಡಿನಲ್ಲಿದೆ. ಬೋರ್ಡಿನ ಕೆಳಗೆ ಹೋದರೆ ಸಾಲು ಬೆಂಚು, ಬಾಯಿ ಮೇಲೆ ಬೆರಳು.

ನನ್ನ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮನ್ನೆಲ್ಲ ಕೂಡಿಸಿಕೊಂಡು ಎರಿಮಣ್ಣು ನಾದಿಸುತ್ತಿದ್ದಳು. ಎತ್ತಿನ ಕೋಡು ಮುರಿದರೆ ಮತ್ತೆ ಹಚ್ಚಬೇಕು, ಬೆನ್ನಿನ ಇಣಿ ಸಣ್ಣದಾದರೆ ಮತ್ತೆ ಮಣ್ಣು ಮೆತ್ತಬೇಕು. ಮುಂದೆ ಆಷಾಢದ ಮಣ್ಣಿನ ಗುಳ್ಳವ್ವ, ಆಮೇಲೆ ಪಂಚಮಿ ಜೋಕಾಲಿ. ಬೆರಳಿಗೂ ತೋಳಿಗೂ ಬುದ್ಧಿಗೂ ಬೇಕಾದದ್ದೆಲ್ಲ ಪಂಚಾಂಗದಲ್ಲೇ ಇತ್ತು. ಈಗ ಎತ್ತು ಪೇಟೆಯಿಂದ ಬರುತ್ತದೆ. ಅದೇ ಮಣ್ಣಿನ ಕೆಲಸಕ್ಕೆ ಶಾಲೆಯಲ್ಲಿ ‘ಫೈನ್ ಮೋಟರ್ ಸ್ಕಿಲ್’ ಅನ್ನುತ್ತಾರೆ. ಡಬ್ಬಿಯಲ್ಲಿ ಬಣ್ಣದ ಹಿಟ್ಟು ಬರುತ್ತದೆ, ಬಿಲ್ಲೂ ಬರುತ್ತದೆ.

ಹಾಗಾದರೆ ಅಂಗನವಾಡಿಗೆ ಕಳಿಸಿ ಅಂತೀರಿ. ನಮ್ಮ ಓಣಿಯಲ್ಲೊಂದು ಇದೆ. ಅಲ್ಲಿ ಪುಸ್ತಕದ ಹೊರೆ ಇಲ್ಲ, ಅಕ್ಕೋರು ಹಾಡು ಚಲೋ ಹೇಳುತ್ತಾರೆ. ತೊಂದರೆ ಒಂದೇ, ಹಾಡಲು ಅವರಿಗೆ ಟೈಮಿಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆ ಇದು. ಪೌಷ್ಟಿಕ ಆಹಾರದ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅದರಲ್ಲಿದೆ. 2021ರಲ್ಲಿ ಅಂಗನವಾಡಿಯ ಲೆಕ್ಕವೆಲ್ಲ ಮೊಬೈಲಿನಲ್ಲಿ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. 2025ರ ಜುಲೈನಿಂದ ಮನೆಗೆ ಒಯ್ಯುವ ರೇಷನ್ ಕೊಡಬೇಕಾದರೆ ಮುಖ ಗುರುತು ಹಿಡಿಯುವ ಪದ್ಧತಿಯೂ ಬಂತು. ಬಾಣಂತಿಯೊಬ್ಬಳು ಬಾಗಿಲಲ್ಲಿ ನಿಂತು ಮೊಬೈಲಿಗೆ ಕಣ್ಣು ಪಿಳುಕಿಸುತ್ತಿದ್ದಳು. ನೆಟ್‌ವರ್ಕ್ ತಿರುಗುತ್ತಲೇ ಇತ್ತು. ಒಳಗೆ ಮಕ್ಕಳು ಅಕ್ಕೋರ ದಾರಿ ಕಾಯುತ್ತಿದ್ದವು. “ಏನ್ ಮಾಡೂದ್ರಿ ಅಣ್ಣಾರ, ಅಕಿ ಮಾರಿ ನನಗ ಗುರ್ತೈತಿ, ಮೊಬೈಲಿಗೆ ಗುರ್ತಿಲ್ಲ” ಅಂದರು ಅಕ್ಕೋರು.

ಮತ್ತೆ ನಮ್ಮ ಪದವೀಧರನ ಕಡೆಗೆ ಬರೋಣ. ಪದವಿಯೇನೋ ಸಿಕ್ಕಿತು, ಕೆಲಸ ಸಿಗಲಿಲ್ಲ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು ನಿಯಮ. ಹುಡುಗನಿಗೆ ಎರಡು ತಿಂಗಳು ಕಡಿಮೆ. ಅಂದರೆ ಪದವೀಧರ ನಿರುದ್ಯೋಗಿ! ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ವಯಸ್ಸು ಮೀರಿತು, ವಯೋಮಿತಿ ಸಡಿಲಿಸಿ ಅಂತ ಕೂಗುತ್ತಾರೆ. ಇವನ ವಾರಿಗೆಯವರ ಪಾಲಕರು ವಯಸ್ಸು ಸಾಲದು, ವಯೋಮಿತಿ ಸಡಿಲಿಸಿ ಅಂತ ಕೂಗಿದರು. ಸರಕಾರ ಇವರ ಮಾತನ್ನು ಬೇಗ ಕೇಳಿತು. ಏಪ್ರಿಲ್‌ನಲ್ಲಿ, ಆ ಒಂದು ವರ್ಷದ ಮಟ್ಟಿಗೆ, 5 ವರ್ಷ 5 ತಿಂಗಳಾದರೂ ಸಾಕು ಎಂದಿತು. ಹುಡುಗನ ನಿರುದ್ಯೋಗ ಮೂರೇ ವಾರಕ್ಕೆ ಮುಗಿಯಿತು. ಇನ್ನೂ ಎರಡು ತಿಂಗಳು ಆಡಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಯಾರೂ ಕೇಳಲಿಲ್ಲ.

ಆ ದಿನ ಕಾರ್ಯಾಲಯದಲ್ಲಿ ಪ್ರಮಾಣಪತ್ರ ಹಂಚುವಾಗ ನಮ್ಮವನ ಹೆಸರು ಮೂರು ಸಲ ಕೂಗಿದರು. ಹುಡುಗ ಇಲ್ಲ. ತಂಗಿ ಗಾಬರಿಯಾಗಿ ಹೊರಗೆ ಓಡಿದಳು, ಹಿಂದೆ ನಾನು. ಪಕ್ಕದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ರಸ್ತೆ ಬದಿಗೆ ಉಸುಕಿನ ರಾಶಿ. ರಾಶಿಯ ಮೇಲೆ ಏಳೆಂಟು ಪದವೀಧರರು. ಒಬ್ಬ ಸುರಂಗ ತೋಡುತ್ತಿದ್ದ, ಇನ್ನೊಬ್ಬಳು ಆ ಕಡೆಯಿಂದ ಕೈ ಹಾಕಿ ಬೆರಳು ತಾಗುವುದನ್ನೇ ಕಾಯುತ್ತಿದ್ದಳು. ನಮ್ಮವನು ಟೋಪಿಯನ್ನು ಬೋರಲು ಹಾಕಿ ಉಸುಕು ತುಂಬಿ ಅಳೆಯುತ್ತಿದ್ದ. “ಮಾಮಾ, ಹಸಿ ಉಸುಕು ನಿಲ್ತೈತಿ, ಒಣಾ ಉಸುಕು ಜಾರ್ತೈತಿ, ಯಾಕ?” ಅಂದ. ಇಡೀ ವರ್ಷದಲ್ಲಿ ಅವನು ಕೇಳಿದ ಮೊದಲ ‘ಯಾಕ’ ಅದು. ಉತ್ತರ ಹೇಳುವುದರೊಳಗೆ ತಂಗಿ ರಟ್ಟೆ ಹಿಡಿದು ಎಳೆದೊಯ್ದಳು. ಸ್ಟೇಜಿನ ಮೇಲೆ ಫೋಟೊಗ್ರಾಫರ್ ಕಾಯುತ್ತಿದ್ದ.

ಎರಡು ದಿನದ ಮೇಲೆ ಶಾಲೆಯಿಂದ ಮೆಸೇಜ್ ಬಂತು. ಗೌನು, ಟೋಪಿಗೆ ಉಸುಕು ಹತ್ತಿದ್ದಕ್ಕೆ ಡ್ರೈಕ್ಲೀನಿಂಗ್ ಖರ್ಚು 200 ರೂಪಾಯಿ ತುಂಬಬೇಕು. ತಂಗಿಯ ಗಂಡ ಲೆಕ್ಕದ ಮನುಷ್ಯ. ಸೆನ್ಸರಿ ಪ್ಲೇಗೆ ಅಂತ ಕಟ್ಟಿದ 3,500ರಲ್ಲಿ ಇದನ್ನು ವಜಾ ಮಾಡಿಕೊಳ್ಳಿ ಅಂತ ಫೋನ್ ಮಾಡಿದ.

“ಆಗಂಗಿಲ್ರೀ ಸರ್. ಅದು ಬ್ಯಾರೆ ಹೆಡ್ಡು.”