ಸತ್ಯಾಂಶ: ಫಾರಂ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರಾ?

‘ಫಾರಂ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟು 40 ದಿನಕ್ಕೇ ದಪ್ಪ ಮಾಡ್ತಾರೆ’ ಅನ್ನೋ ಮೆಸೇಜ್ ನಿಮಗೂ ಬಂದಿರುತ್ತದೆ, ಅಲ್ವಾ? ಅದು ನಿಜವಲ್ಲ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನ್. ಮೇವಿನಲ್ಲಿ ಬೆರೆಸಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ಸಾವಿರಾರು ಕೋಳಿಗಳ ಶೆಡ್‌ನಲ್ಲಿ ಒಂದೊಂದನ್ನೂ ಹಿಡಿದು ಮತ್ತೆ ಮತ್ತೆ ಚುಚ್ಚುವುದು ಆಗದ ಮಾತು.

ಮತ್ತೆ ಅಷ್ಟು ಬೇಗ ಬೆಳೆಯೋದು ಹೇಗೆ? ಮುಖ್ಯವಾಗಿ ತಳಿಯಿಂದ. ಜಾಸ್ತಿ ತೂಗುವ ಕೋಳಿಗಳನ್ನೇ ಆರಿಸಿ, ತಲೆಮಾರುಗಳ ಕಾಲ ಮರಿ ಮಾಡಿಸಿದ್ದಾರೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಮೇವು ಹಾಕಿ ಸಾಕಿದರು. 56ನೇ ದಿನ ಹಳೆಯದು ಸುಮಾರು 900 ಗ್ರಾಂ ಇತ್ತು, ಹೊಸದು 4 ಕೆಜಿ ದಾಟಿತ್ತು.

ನನಗೆ ಚಿಂತೆ ಇರುವುದು ಬೇರೆ ಕಡೆ. ಹೀಗೆ ಆರಿಸುತ್ತಾ ಹೋದ ಹಾಗೆ ವಂಶವಾಹಿಗಳ ವೈವಿಧ್ಯ ಕರಗುತ್ತದೆ. ಎಷ್ಟೋ ಫಾರಂ ತಳಿಗಳಲ್ಲಿ ಅದು ಅರ್ಧಕ್ಕರ್ಧ ಇಲ್ಲವಾಗಿದೆ ಎಂದು 2008ರ ಒಂದು ಅಧ್ಯಯನ ತೋರಿಸಿತು. ಹೊಸ ರೋಗ ಬಂದರೆ ತಡೆದುಕೊಳ್ಳುವ ಗುಣ ಎಲ್ಲಿಂದ ತರೋದು?

ಹಳ್ಳಿಯ ಹಿತ್ತಲಲ್ಲಿ ನಾಟಿ ಕೋಳಿಯ ಹಿಂದೆ ಓಡುವ ಮರಿಗಳನ್ನು ನೋಡಿ. ಒಂದು ಕರಿ, ಒಂದು ಕಂದು, ಒಂದಕ್ಕೆ ಮೈತುಂಬಾ ಚುಕ್ಕೆ, ಇನ್ನೊಂದರದು ಬೋಳು ಕುತ್ತಿಗೆ.